ದೋಣಿಗೂ ಸೋಮವಾರ ಸೂಟಿ

ಏಪ್ರಿಲ್ 17, ಗುರುವಾರ

ಮೈದುನ ಮಹಾಶಯರು ಇವತ್ತು ಗರಗಸ ಹಿಡಿದುಕೊಂಡು ಅಂಗಳಕ್ಕೆ ಬಂದರು. ಬೇವಿನ ಗಿಡದ ಕೆಳಗೆ ಬೋರಲು ಬಿದ್ದಿರುವ ದೋಣಿಯನ್ನು ನಡುವೆ ಕೊಯ್ದರೆ ಎಮ್ಮೆಗೊಂದು ಆಕಳಿಗೊಂದು ಮೇವು ಹಾಕುವ ಗೋದಲಿ ಆಗುತ್ತದಂತೆ. ಶಿವಪುತ್ರನಿಗೆ ಈವರೆಗೆ ಹೊಳೆದ ವಿಚಾರಗಳಲ್ಲಿ ಇದೇ ದೊಡ್ಡದಿರಬೇಕು, ಮುಖ ಅಷ್ಟು ಅರಳಿತ್ತು.

"ವೈನಿ, ಫೈಬರ್ ಅದರಿ ಇದು. ಜಂಗ ಹಿಡಿಯೂದಿಲ್ಲ, ಒಡಿಯೂದಿಲ್ಲ. ದನಾ ಜಲ್ಮಪೂರ್ತಿ ಮೇದ್ರೂ ಏನೂ ಆಗೂದಿಲ್ಲ."

"ಒಡಿಯೂದಿಲ್ಲಂದ್ರ ನಿನ್ನ ಟ್ರಾಲಿ ಹಿಂದ ಬಂದಾಗ ಆಗಿದ್ದೇನು?"

ಹೋದ ಸುಗ್ಗಿಯಲ್ಲಿ ಅವನ ಟ್ರ್ಯಾಕ್ಟರಿನ ಟ್ರಾಲಿ ಹಿಂದಕ್ಕೆ ಬಂದು ದೋಣಿಯ ಹೊಟ್ಟೆಗೆ ಗುದ್ದಿ ಮೊಳದುದ್ದ ಸೀಳಿತು. ಬೇಕಂತ ಮಾಡಿದ್ದಲ್ಲ, ನನಗೆ ಗೊತ್ತು. ಆದರೆ ಹಾಗೆಂದು ಒಪ್ಪಿಕೊಂಡುಬಿಟ್ಟರೆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು?

ಅಂಗಳ ಇಬ್ಬರಿಗೂ ಸೇರಿದ್ದು. ಮಳೆ ಹಿಡಿಯುವ ಮೊದಲು ಅಲ್ಲಿ ದನಗಳಿಗೆ ಮಾಡು ಹಾಕಬೇಕು ಎಂಬ ಅವನ ಮಾತಿನಲ್ಲಿ ತಪ್ಪಿಲ್ಲ. ಆದರೂ ಗರಗಸ ಕಂಡ ಕೂಡಲೇ ನನ್ನ ಬಾಯಿಂದ "ನಾ ಇದನ್ನ ರಿಪೇರಿ ಮಾಡಸ್ತೀನಿ" ಎಂದು ಬಂದುಬಿಟ್ಟಿತು. ಅವನು ಗರಗಸವನ್ನು ಬೇವಿನ ಗಿಡಕ್ಕೆ ಒರಗಿಸಿದ.

"ಆತ್ರಿ. ಕಾರಹುಣ್ಣಿವಿ ತನಕಾ ಬಿಡ್ತೀನಿ. ಅಷ್ಟರಾಗ ನೀರಿನ ಮ್ಯಾಲ ನಿಂತ್ರ ದೋಣಿ ನಿಮ್ಮದು. ಇಲ್ಲಂದ್ರ ದನದ್ದು."

ರಿಪೇರಿ ಮಾಡಿಸಿ ನಾನೇನು ಮಾಡುತ್ತೇನೋ ಆ ಶಿವನೇ ಬಲ್ಲ. ಹುಟ್ಟು ಹಾಕಲು ನನಗೆ ಬರುವುದಿಲ್ಲ. ಈ ದೋಣಿ ನಡೆಸುತ್ತಿದ್ದ ಇವರು ತೀರಿಹೋದ ಮೇಲೆ, ಎರಡು ವರ್ಷದಿಂದ, ತಲಾವದ ನೀರಿನ ಕಡೆ ತಲೆ ಹಾಕಿಲ್ಲ. ಮಾರಬಹುದು. ಹೌದು, ಮಾರುವುದಕ್ಕೇ ರಿಪೇರಿ. ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ.

ಮೈದುನನ ಹೆಂಡತಿ ಮಲಕವ್ವ ಕಳಿಸಿದ ರೊಟ್ಟಿ ಅರ್ಧ ಉಳಿಯಿತು.

ಏಪ್ರಿಲ್ 20, ರವಿವಾರ

ದೋಣಿಯ ಮೇಲಿನ ಧೂಳು ಒರೆಸಿದೆ. ಬಿಳಿ ಬಣ್ಣ ಹಳದಿಗೆ ತಿರುಗಿದೆ.

ಇದು ಬಂದಾಗ ಇಡೀ ಊರು ನಕ್ಕಿತ್ತು. ನಾನು ಕಲಿಸುತ್ತಿದ್ದ ಕನ್ನಡ ಶಾಲೆ ತಲಾವದ ಆಚೆ ದಂಡೆಯ ಹತ್ತಾರು ಮನೆಗಳ ವಸ್ತಿಯಲ್ಲಿ. ನಾನು ಅಲ್ಲಿಗೆ ಬಾಯಿಯಾಗಿ, ಅಂದರೆ ಶಿಕ್ಷಕಿಯಾಗಿ, ಹೋದ ಕಾಲದಲ್ಲಿ ತಲಾವ ಎನ್ನುವುದು ಹೆಸರಿಗೆ ಮಾತ್ರ ಕೆರೆ, ಒಳಗೆಲ್ಲ ಜಾಲಿಕಂಟಿ. ಅದರ ನಡುವಿನ ಕಾಲುದಾರಿಯಲ್ಲಿ ದಿನಾ ಹೋಗಿ ಬರುತ್ತಿದ್ದೆ. ಆಮೇಲೆ ಕೃಷ್ಣೆಯ ನೀರು ಕಾಲುವೆಯಲ್ಲಿ ಬಂತು. ತಲಾವ ತುಂಬಿದ ದಿನ ಊರಿನ ಹೆಂಗಸರೆಲ್ಲ ಆರತಿ ತೆಗೆದುಕೊಂಡು ದಂಡೆಗೆ ಬಂದರು. ನಾನೊಬ್ಬಳೇ ನನ್ನ ಕಾಲುದಾರಿ ಮುಳುಗಿತಲ್ಲ ಎಂದು ಪೇಚಾಡುತ್ತ ನಿಂತಿದ್ದೆ. ವಳಸಂಗ ಊರಿನ ಮೇಲೆ ಸುತ್ತು ಹಾಕಿ ಹೋಗುವುದೆಂದರೆ ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು.

ಅದೇ ತಿಂಗಳು ಇವರು ಕೊನೆಯ ಜೋಡೆತ್ತು ಮಾರಿದರು. ಹೊಲಕ್ಕೆ ತಮ್ಮನ ಟ್ರ್ಯಾಕ್ಟರ್ ಬಂದಿತ್ತು, ಎತ್ತಿಗೆ ಕೆಲಸವಿರಲಿಲ್ಲ. ಎತ್ತು ಹೋದ ದಿನ ಊಟ ಮಾಡಲಿಲ್ಲ. ನಾಲ್ಕು ದಿನ ಬಿಟ್ಟು ಏನೂ ಹೇಳದೆ ಹೋದವರು ಉಜನಿ ಆಣೆಕಟ್ಟಿನ ಹಿನ್ನೀರಿನ ಯಾವನೋ ಮೀನುಗಾರನಿಂದ ಈ ಹಳೆಯ ದೋಣಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. "ಗುರುಲಿಂಗಪ್ಪ ಎತ್ತ ಮಾರಿ ಮೊಸಳಿ ತಂದಾನ" ಎಂದು ಕಟ್ಟೆಯ ಮೇಲೆ ಕುಳಿತ ಮುರಗೆಪ್ಪಕಾಕಾ ಊರಿಗೆಲ್ಲ ಕೇಳುವಂತೆ ಹೇಳಿದ. ಇವರು ನಗುತ್ತ, "ಮೊಸಳಿ ಅಲ್ಲೋ ಕಾಕಾ, ಎತ್ತೇ. ಮೇವು ಬೇಡದ ಎತ್ತು" ಎಂದರು.

ಆ ಮಾತನ್ನು ಚೇಷ್ಟೆಗೆ ಆಡಿದ್ದಲ್ಲ. ನಮ್ಮಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಬಸವಣ್ಣನ ವಾರ. ದೋಣಿಗೂ ಸೋಮವಾರ ಸೂಟಿ. ನಾನು ನಿವೃತ್ತಳಾಗುವವರೆಗೆ, ಮೂರು ವರ್ಷ, ನನ್ನನ್ನು ದಿನಾ ಶಾಲೆಗೆ ದಾಟಿಸಿದವರು ಸೋಮವಾರ ಮಾತ್ರ ಫಟಫಟಿಯ ಮೇಲೆ ಸುತ್ತು ಹಾಕಿ ಬಿಟ್ಟು ಬರುತ್ತಿದ್ದರು. ಹೆಡ್‌ಮಾಸ್ತರರು ಸೋಮವಾರದ ನನ್ನ ತಡವನ್ನು ಒಪ್ಪಿಕೊಂಡುಬಿಟ್ಟಿದ್ದರು.

ಏಪ್ರಿಲ್ 28, ಸೋಮವಾರ

ತಾನಾಜಿ ಬಂದಿದ್ದ. ನನ್ನ ಹಳೆಯ ವಿದ್ಯಾರ್ಥಿ. ಏಳನೆಯ ಇಯತ್ತೆಯ ಪರೀಕ್ಷೆಯಲ್ಲಿ ಭೂಗೋಳದ ಉತ್ತರಕ್ಕೆ ಇತಿಹಾಸ ಬರೆದವನು. ಈಗ ಜತ್ತದಲ್ಲಿ ಫೈಬರ್ ಬಾಗಿಲು ಮಾಡುವ ಒಂದು ಕಾರ್ಖಾನೆಗೆ ಹೋಗುತ್ತಾನೆ. ಬಂದವನೇ ದೋಣಿಯ ಸುತ್ತ ಡಾಕ್ಟರನ ಹಾಗೆ ತಿರುಗಿ, ಸೀಳಿನಲ್ಲಿ ಬೆರಳಿಟ್ಟು, ತಲೆ ಅಲ್ಲಾಡಿಸಿದ.

"ಕಾಳಜಿ ಬಿಡ್ರಿ ಬಾಯಾರ. ಇಂಥಾವು ನಾ ಕಣ್ಣ ಮುಚ್ಚಿ ಮಾಡ್ತೀನಿ."

"ಕಣ್ಣ ತೆರದ ಮಾಡು. ಎಷ್ಟ ದೋಣಿ ಮಾಡಿದಿ?"

"ದೋಣಿ ಇಲ್ರಿ, ಬಾಗಿಲಾ. ಬಾಗಿಲಾ ಮಲಗಿಸಿದ್ರ ದೋಣಿನ ಅಲ್ಲೇನ್ರಿ?"

ಜೇನಿನ ಹಾಗಿರುವ ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎಂಬ ನೀರು, ಗಾಜಿನ ನಾರಿನ ಚಾಪೆ, ಎಲ್ಲ ತಂದಿದ್ದ. ಇವತ್ತು ಸೋಮವಾರ, ದೋಣಿಗೆ ಕೈ ಹಚ್ಚುವಂತಿಲ್ಲ ಎಂದೆ. ಅವನಿಗೆ ವಾರದ ಸೂಟಿಯೇ ಸೋಮವಾರವಂತೆ. ಹಾಗಾದರೆ ಡಬ್ಬಿಯಲ್ಲಿ ಕಲಸಿ ತೋರಿಸುತ್ತೇನೆ ಎಂದು ಹಾರ್ಡನರನ್ನು ಧಾರಾಳವಾಗಿ ಸುರಿದ. ನಮ್ಮ ಕಡೆಯ ಬಿಸಿಲಿಗೆ ಅಷ್ಟು ಧಾರಾಳ ಹಿಡಿಸಲಿಲ್ಲ. ಡಬ್ಬಿ ಬುಸುಗುಟ್ಟಿ ಹೊಗೆ ಬಿಟ್ಟಿತು. ಮಲಕವ್ವ ಅಡುಗೆಮನೆಯಿಂದ ಕೊಡ ಹಿಡಿದು ಓಡಿ ಬಂದಳು. ಚಮಚ ಡಬ್ಬಿಯಲ್ಲೇ ಕಲ್ಲಾಗಿ ನಿಂತಿತು.

ಎಷ್ಟು ದಿನವಾಗಿತ್ತೋ ಹೀಗೆ ನಕ್ಕು.

ಮೇ 4, ರವಿವಾರ

ತಾನಾಜಿ ಅರ್ಧ ದಿನದ ರಜೆ ಹಾಕಿ ಮಧ್ಯಾಹ್ನ ಬಂದ. ಸೀಳಿನ ಅಂಚನ್ನು ಗ್ರೈಂಡರಿನಿಂದ ಇಳಿಜಾರಾಗಿ ಕೆತ್ತಿದ. ಆ ಗಾಜಿನ ಧೂಳು ಮೈಗೆ ಹತ್ತಿದರೆ ಸಜ್ಜೆ ತೆನೆಯ ಸುಂಕಿನಂತೆ ಕಡಿಯುತ್ತದೆ. ಸಂಜೆಯ ತಂಪಿನಲ್ಲಿ ಮೊದಲ ಪದರು ಕೂತಿತು. ನಾನು ಚಾಪೆ ಕತ್ತರಿಸಿ ಕೊಟ್ಟೆ, ಅವನು ಕುಂಚದಿಂದ ರೆಸಿನ್ ಕುಡಿಸಿದ.

"ನಾಳೆ ಮುಂಜಾನೆ ಉಳದ ಪದರ ಹಾಕಿ ಮುಗಸ್ತೀನ್ರಿ. ಇದು ಜರಾ ಅಂಟ ಇರೂದ್ರಾಗ ಹಾಕಬೇಕು."

"ನಾಳೆ ಸೋಮವಾರ."

"ಬಾಯಾರ, ಇದೇನ್ ಎತ್ತೇನ್ರಿ?"

ಹೌದು ಎಂದೆ. ಶಾಲೆಯಲ್ಲಿ ಹೇಳುವ ಧ್ವನಿಯಲ್ಲೇ ಹೇಳಿದೆ. ಆ ಧ್ವನಿಗೆ ಅವನು ಇಂದಿಗೂ ಎದ್ದು ನಿಲ್ಲುತ್ತಾನೆ. ಇವರು ಒಂದು ಸೋಮವಾರವೂ ಮುರಿಯದ ನೇಮವನ್ನು ನಾನು ಮುರಿಯುವುದೇ? ಕಟ್ಟೆಯ ಮೇಲೆ ಕುಳಿತಿದ್ದ ಶಿವಪುತ್ರ "ವೈನಿ..." ಎಂದವನು ದನ ಕಟ್ಟಲು ಎದ್ದು ಹೋದ.

ಮೇ 5, ಸೋಮವಾರ

ದಿನವಿಡೀ ಗಾಳಿ. ಅಂಗಳದ ಮಣ್ಣೆಲ್ಲ ಎದ್ದು ಹಾರಿತು. ದೋಣಿಗೆ ಸೂಟಿ.

ಮೇ 6, ಮಂಗಳವಾರ

ತಾನಾಜಿ ಕೆಲಸಕ್ಕೆ ಹೋಗುವ ಮೊದಲು ನಸುಕಿನಲ್ಲೇ ಬಂದು, ಗಡಿಬಿಡಿಯಲ್ಲಿ ಉಳಿದ ಪದರು ಹಾಕಿ ಹೋದ. ನೋಡಲು ಭಾಳ ಚಂದ ಆಗಿದೆ. ಕೈಯಾಡಿಸಿದರೆ ಸೀಳು ಎಲ್ಲಿತ್ತು ಎಂದು ಹುಡುಕಬೇಕು. ಶಿವಪುತ್ರನನ್ನು ಕರೆದು ತೋರಿಸಿದೆ. ಗೋದಲಿಗೆ ಕಲ್ಲು ಹುಡುಕು ಎಂದೆ. ಆಡಬಾರದಿತ್ತು, ಆದರೆ ಬಹಳ ಹಿತವಾಯಿತು.

ಮೇ 11, ರವಿವಾರ

ತಾನಾಜಿ ಕೆಲಸದಿಂದ ಬಂದ ಮೇಲೆ ದೋಣಿಯನ್ನು ಸೀದಾ ಮಾಡಿ, ಹೊಟ್ಟಿನ ಚೀಲಗಳ ಮೇಲೆ ಕೂರಿಸಿ, ಒಳಗೆ ನೀರು ತುಂಬಿ ನೋಡಿದೆವು. ಒಳಗಿನ ನೀರು ಹೊರಗೆ ಬರದಿದ್ದರೆ ಹೊರಗಿನದು ಒಳಗೆ ಬರುವುದಿಲ್ಲ ಎಂಬುದು ತಾನಾಜಿಯ ಶಾಸ್ತ್ರ.

ಮೊದಲು ಒಂದು ಹನಿ ಬಂತು, ಆಮೇಲೆ ಸಾಲಾಗಿ. ತಾನಾಜಿ ಕೆಳಗೆ ಮಲಗಿ ಉಗುರಿನಿಂದ ಕೆದರಿದ. ಮೇಲಿನ ಪದರುಗಳು ಉಬ್ಬಿದ ರೊಟ್ಟಿಯ ತೆಳು ಪಾಪಡಿಯ ಹಾಗೆ ಒಟ್ಟಿಗೇ ಎದ್ದು ಬಂದವು. ನಡುವೆ ಕೆಂಪು ಮಣ್ಣು, ಸೋಮವಾರದ ಗಾಳಿಯದು. ಅದನ್ನು ತಿಕ್ಕದೆ, ಒರೆಸದೆ, ಮೇಲೆ ಪದರು ಹಾಕಿ ಹೋಗಿದ್ದ. ತಪ್ಪು ತನ್ನ ಗಡಿಬಿಡಿಯದು ಎಂದು ಅವನ ಮುಖ ಹೇಳುತ್ತಿತ್ತು, ನನ್ನ ಸೋಮವಾರದ್ದು ಎಂದು ನನಗೆ ಗೊತ್ತಿತ್ತು.

ಶಿವಪುತ್ರ ನಗುತ್ತಾನೆ ಎಂದು ಕಾದೆ. ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು.

ಮೇ 12, ಸೋಮವಾರ

ಬರೆಯುವಂಥದ್ದೇನೂ ಇಲ್ಲ.

ಮೇ 16, ಶುಕ್ರವಾರ

ನಾಲ್ಕು ದಿನ ಹೊರಗೆ ಹೋಗಲಿಲ್ಲ. ಕೊಯ್ದರೆ ಕೊಯ್ಯಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ನಿಜ ಬರೆಯಬೇಕೆಂದರೆ, ಇವರು ಸತ್ತ ದಿನ ಆಗಿದ್ದ ಹಾಗೆಯೇ ಮತ್ತೊಮ್ಮೆ ಆಯಿತು. ಆಸ್ಪತ್ರೆಯಿಂದ ಮಿರಜಿನ ರಸ್ತೆಯಲ್ಲಿ ವಾಪಸ್ ಬರುವಾಗ ಕೈಗಳಿಗೆ ಕೆಲಸವೇ ಇಲ್ಲದಂತಾಗಿತ್ತಲ್ಲ, ಅದೇ.

ಸಂಜೆ ಶಿವಪುತ್ರ ಬಂದು ಹೊಸ್ತಿಲ ಮೇಲೆ ಕುಳಿತ. ಟೊಪ್ಪಿಗೆ ತೆಗೆದು ಮೊಣಕಾಲಿಗೆ ಹಾಕಿದ. ಗರಗಸದ ಮಾತು ತೆಗೆಯುತ್ತಾನೆ ಎಂದುಕೊಂಡು ಗಟ್ಟಿಯಾದೆ.

"ವೈನಿ, ಒಂದ ಮಾತ ಕೇಳ್ಲಿ? ಸಿಟ್ಟ ಆಗಬ್ಯಾಡ್ರಿ."

"ಕೇಳು."

"ಎತ್ತಿಗಿ ಸೋಮವಾರ ನೊಗಾ ಹಾಕೂದಿಲ್ಲ, ಖರೆ. ಹೆಗಲಿಗಿ ಹುಣ್ಣ ಆಗಿದ್ರ ಸೋಮವಾರ ಔಷಧಾ ಹಚ್ಚೂದಿಲ್ಲೇನ್ರಿ?"

ನಾನು ಬಂದು ಅವನ ಎದುರಿಗೆ ನೆಲದ ಮೇಲೆ ಕುಳಿತೆ.

"ಅಣ್ಣ ಹಚ್ಚತಿದ್ದ. ನಾ ಸಣ್ಣಾಂವ ಇದ್ದಾಗ ನಮ್ಮ ಕಂದ ಬಣ್ಣದ ಎತ್ತಿಗಿ ಕೊಂಬ ಮುರದಿತ್ತು. ಸೋಮವಾರ ಎಲ್ಲಾ ಎತ್ತ ಆರಾಮ ನಿಂತಿದ್ವು, ಅಣ್ಣ ಇಡೀ ದಿನಾ ಅದರ ಮುಂದ ಕುಂತು ಅರಸಿಣಾ ಹಚ್ಚಿದ. ಕೆಲಸಾ ಹಚ್ಚೂದು ಬ್ಯಾರೆ, ಔಷಧಾ ಹಚ್ಚೂದು ಬ್ಯಾರೆ."

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಇಷ್ಟು ತಿಳಿಯಲಿಲ್ಲ. ಇವರಿಗೆ ತಮ್ಮನಿದ್ದಾನೆ, ಅವನಿಗೂ ಅಣ್ಣ ಇಲ್ಲದಾಗಿ ಎರಡು ವರ್ಷವಾಯಿತು ಎಂಬುದೂ ಇವತ್ತೇ ತಲೆಗೆ ಬಂದ ಹಾಗಿದೆ. ಚಹಾ ಮಾಡಿಕೊಟ್ಟೆ. ಸಕ್ಕರೆ ಜಾಸ್ತಿಯಾಯಿತು, ಅವನು ಹಾಗೇ ಕುಡಿದ.

ಮೇ 18, ರವಿವಾರ

ಹಳೆಯ ಪದರನ್ನೆಲ್ಲ ಕಿತ್ತು ತೆಗೆದೆವು. ಗ್ರೈಂಡರ್ ನಾನೇ ಹಿಡಿದೆ. ಮೊದಲು ಕೈಯಿಂದ ಹಾರಿ ಹೋಗುವಂತಿತ್ತು, ಆಮೇಲೆ ಮಾತು ಕೇಳಿತು. ಮಲಕವ್ವ ನನ್ನ ಮುಖಕ್ಕೆ ಒದ್ದೆ ಸೆರಗು ಬಿಗಿದು ಕಟ್ಟಿ, "ಯಕ್ಕಾ, ಡಾಕೂನ ಹಂಗ ಕಾಣ್ತೀರಿ" ಎಂದಳು. ರಾತ್ರಿಗೆ, ಕೆಲಸ ಮುಗಿಸಿ ಬಂದ ತಾನಾಜಿಯೂ ಸೇರಿ, ನಾಲ್ಕೂ ಮಂದಿಗೆ ನಾನೇ ರೊಟ್ಟಿ ಬಡಿದೆ. ಕೈ ಮರೆತಿಲ್ಲ.

ಮೇ 19, ಸೋಮವಾರ

ಔಷಧ ಹಚ್ಚಿದೆವು.

ತಾನಾಜಿ ಬೆಳಗ್ಗೆಯೇ ಬಂದ. ಒಂದು ಪದರು ಜಿಗುಟು ಇರುವಾಗಲೇ ಮತ್ತೊಂದು, ಅದರ ಮೇಲೆ ಇನ್ನೊಂದು. ಮಧ್ಯಾಹ್ನ ಬಾಸಗಿಯ ಕಡೆಯಿಂದ ಮೋಡ ಎದ್ದು ಗಾಳಿ ಶುರುವಾಯಿತು. ಶಿವು ತಾಡಪತ್ರಿ ತಂದು ಬೇವಿನ ಟೊಂಗೆಗೆ ಎರಡು ಮೂಲೆ ಕಟ್ಟಿದ, ಉಳಿದ ಎರಡು ಮೂಲೆಗಳನ್ನು ತಾನೂ ಮಲಕವ್ವನೂ ಹಿಡಿದು ನಿಂತರು. ಧೂಳು ಬರಬಾರದು, ಹನಿ ಬೀಳಬಾರದು. ತೋಳು ನೋಯುತ್ತವೆ, ಕಟ್ಟಿಬಿಡು ಎಂದರೆ ಕೇಳಲಿಲ್ಲ.

"ಗಂಟ ಬಿಚ್ಚತದ್ರಿ ವೈನಿ. ಕೈ ಬಿಚ್ಚೂದಿಲ್ಲ."

ತಾನಾಜಿ ಈ ಸಲ ಹಾರ್ಡನರನ್ನು ಔಷಧದ ಬಾಟಲಿಯ ಮುಚ್ಚಳದಲ್ಲಿ ಅಳೆದು ಹಾಕಿದ. ಏನಪ್ಪಾ, ಕಣ್ಣು ಮುಚ್ಚಿ ಮಾಡುವುದಿಲ್ಲವೇ ಎಂದೆ. "ಎರಡೂ ಕಣ್ಣ ತೆರದೀನ್ರಿ ಬಾಯಾರ, ಮೂರನೇದ್ದಿದ್ರ ಅದನ್ನೂ ತೆರೀತಿದ್ದೆ" ಎಂದ.

ಮೇ 24, ಶನಿವಾರ

ಮಳೆ ಬಿಡುತ್ತಲೇ ಇಲ್ಲ. ಬೇಸಿಗೆಯಲ್ಲಿ ಇಂಥ ಮಳೆಯನ್ನು ನಮ್ಮ ಕಡೆ ಯಾರೂ ಕಂಡವರಿಲ್ಲ. ದೋಣಿ ತಾಡಪತ್ರಿಯ ಕೆಳಗೆ ಬೆಚ್ಚಗಿದೆ. ಕಿಟಕಿಯಿಂದ ಅದನ್ನು ನೋಡುತ್ತ ಕುಳಿತಿದ್ದೆ.

ನಡುನೀರಿಗೆ ಹೋದ ಮೇಲೆ ಇವರು ದಿನಾ ಕೇಳುತ್ತಿದ್ದರು, "ಇವತ್ತ ಏನ ಕಲಸ್ತೀರಿ ಬಾಯಾರ?" ಮನೆಯಲ್ಲಿ ಒಮ್ಮೆಯೂ ಬಾಯಾರ ಎಂದವರಲ್ಲ, ನೀರಿನ ಮೇಲೆ ಮಾತ್ರ. ನಾನು ಅಪೂರ್ಣಾಂಕ ಎನ್ನುತ್ತಿದ್ದೆ, ಅಥವಾ ಮಳೆ ಹೇಗೆ ಬರುತ್ತದೆ. ಹಾಗಾದರೆ ನನಗೂ ಹೇಳಿರಿ ಎನ್ನುವರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಒಂದು ರೊಟ್ಟಿಯನ್ನು ಮೂರು ಮಂದಿಗೆ ಹಂಚುವ ಲೆಕ್ಕ ಹೇಳಿದರೆ, "ಮೂರ ಮಂದಿ ಇದ್ರ ಇನ್ನೆರಡ ರೊಟ್ಟಿ ಬಡೀಬೇಕು, ಹರಿಯೂದ್ಯಾಕ?" ಎಂದು ಕೇಳಿದ್ದರು. ಅದೇ ದಿನ ತರಗತಿಯಲ್ಲಿ ಆ ಲೆಕ್ಕ ಹಾಕುವಾಗ ನನಗೆ ನಗು ತಡೆಯಲಾಗದೆ ಮಕ್ಕಳೆಲ್ಲ ಮುಖ ಮುಖ ನೋಡಿಕೊಂಡಿದ್ದವು.

ಕುಣಿಕೋಣೂರದಿಂದ ಒಬ್ಬರು ದೋಣಿ ಮಾರುತ್ತೀರಾ ಎಂದು ಫೋನು ಮಾಡಿದ್ದರು. ಇನ್ನೂ ಒಣಗಿಲ್ಲ ಎಂದೆ. ಅದು ಒಣಗಿ ಮೂರು ದಿನವಾಗಿದೆ.

ಜೂನ್ 8, ರವಿವಾರ

ಮತ್ತೆ ನೀರು ತುಂಬಿದೆವು. ಶಿವು ಕೆಳಗೆ ಒಣ ಬೂದಿ ಉದುರಿಸಿದ, ಒಂದು ಹನಿ ಬಿದ್ದರೂ ಗೊತ್ತಾಗಲಿ ಎಂದು. ಮುಂಜಾನೆಯಿಂದ ಸಂಜೆಯವರೆಗೆ ಬೂದಿ ಬೂದಿಯಾಗಿಯೇ ಇತ್ತು. ತಾನಾಜಿ ದಂಡೆಗೆ ಬರುತ್ತೇನೆ ಎಂದಿದ್ದಾನೆ. ಎಷ್ಟೆಂದರೂ ಅಂಗಳದ ನೀರು ಬೇರೆ, ತಲಾವದ ನೀರು ಬೇರೆ.

ಜೂನ್ 11, ಬುಧವಾರ, ಕಾರಹುಣ್ಣಿಮೆ

ತೋಳು ಎತ್ತಲು ಬರುತ್ತಿಲ್ಲ, ಅಕ್ಷರ ಸೊಟ್ಟ ಸೊಟ್ಟ. ಇರಲಿ, ತಿದ್ದುವವರು ಯಾರೂ ಇಲ್ಲ.

ಊರಲ್ಲಿ ಉಳಿದಿರುವ ನಾಲ್ಕಾರು ಜೋಡಿ ಎತ್ತುಗಳಿಗೆ ಬೆಳಗ್ಗೆಯೇ ಬಣ್ಣ ಬಿದ್ದಿತ್ತು. ಶಿವು ಯಾರಿಗೂ ಹೇಳದೆ ದೋಣಿಯ ಮೂತಿಗೆ, ಎತ್ತಿನ ಕೊಂಬಿಗೆ ಬಳಿಯುವ ಕೆಂಪು ಹುರಮಂಜು ಬಳಿದಿದ್ದ. ಮಲಕವ್ವ ಆರತಿ ಬೆಳಗಿ ಹೋಳಿಗೆಯ ಎಡೆ ಹಿಡಿದಳು. ಟ್ರಾಲಿಯಲ್ಲಿ ಹುಲ್ಲು ಹಾಸಿ, ದೋಣಿಯನ್ನು ಮೆಲ್ಲಗೆ ಕೂರಿಸಿ, ತಲಾವಕ್ಕೆ ಒಯ್ದೆವು. ನಾನೂ ಹೋದೆ. ಮಳೆಗೆ ತಲಾವ ದಂಡೆಯವರೆಗೆ ನಿಂತಿದೆ.

ಶಿವು, ತಾನಾಜಿ ಇಬ್ಬರೂ ನೂಕಿದರು. ದೋಣಿ ಸರಿದು ನೀರಿಗಿಳಿಯಿತು, ಒಮ್ಮೆ ಅಲ್ಲಾಡಿ ನಿಂತಿತು. ಶಿವು ಬಗ್ಗಿ ಒಳಗೆಲ್ಲ ಕೈಯಾಡಿಸಿದ. "ಒಣಾ ಅದರಿ ವೈನಿ! ಒಣಾ ಅದ!" ಎಂದು ಕೂಗಿದ. ಗರಗಸ ತಂದವನ ಕಣ್ಣಲ್ಲಿ ನೀರಿತ್ತು.

ನಾನು ಸೀರೆ ಎತ್ತಿ ಕಟ್ಟಿ ಹತ್ತಿದೆ. ಶಾಲೆಗೆ ಹೋಗುವಾಗ ಕೂರುತ್ತಿದ್ದ ಹಿಂದಿನ ಹಲಗೆಯ ಮೇಲೆ ಕುಳಿತು, ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಹಾಗೇ ಕುಳಿತಿದ್ದೆ. ದಂಡೆಯಿಂದ ತಾನಾಜಿ, "ಬಾಯಾರ, ಹುಟ್ಟ ಹಾಕವ್ರು ಯಾರ್ರಿ?" ಎಂದ.

ಇವರು ಇಲ್ಲ ಎಂದು ಎರಡು ವರ್ಷದಲ್ಲಿ ಎಷ್ಟೋ ಸಲ ಗೊತ್ತಾಗಿದೆ. ಇವತ್ತಿನಷ್ಟು ಯಾವತ್ತೂ ಗೊತ್ತಾಗಿರಲಿಲ್ಲ. ಎಲ್ಲರ ಮುಂದೆ ಅತ್ತೆ. ಯಾರೂ ಸಮಾಧಾನ ಹೇಳಲು ಬರಲಿಲ್ಲ, ಒಳ್ಳೆಯದಾಯಿತು.

ಆಮೇಲೆ ಎದ್ದು ನಡುವಿನ ಹಲಗೆಗೆ ಹೋದೆ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಕುಳಿತೆ. ಶಾಲೆಯ ಕೆಂಪು ಹಂಚು ಕಾಣಲಿಲ್ಲ, ಆಚೆ ದಂಡೆಯೂ ಕಾಣಲಿಲ್ಲ. ಎದುರಿಗೆ ನಾನು ಈಗಷ್ಟೇ ಬಿಟ್ಟು ಬಂದ ಹಲಗೆ, ಅದರ ಹಿಂದೆ ಊರು. ಮೂರು ವರ್ಷ ಆ ಹಲಗೆಯ ಮೇಲೆ ಕುಳಿತು ಎಡಕ್ಕೆ, ಬಲಕ್ಕೆ, ಕಲ್ಲಿದೆ, ಜೋಪಾನ ಎಂದು ಹೇಳುತ್ತಲೇ ಇರುತ್ತಿದ್ದೆ. ಬಾಯಿಯ ಚಟ, ಸುಮ್ಮನೆ ಕೂರಲಾಗದು, ಇವರಿಗೆ ದಾರಿ ಗೊತ್ತಿದೆ, ನನ್ನ ಸಮಾಧಾನಕ್ಕೆ ಕೇಳಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಇವರಿಗೆ ದಾರಿ ಕಾಣುತ್ತಲೇ ಇರಲಿಲ್ಲ. ದಿನಾ ಮುಂಜಾನೆ, ದಂಡೆಯಿಂದ ದಂಡೆಯವರೆಗೆ, ಇವರ ಕಣ್ಣ ಮುಂದೆ ಇದ್ದದ್ದು ನಾನೊಬ್ಬಳೇ.

ಹುಟ್ಟು ನೀರಿಗೆ ಹಾಕಿದೆ. ದೋಣಿ ಇದ್ದಲ್ಲೇ ಗಿರ್ರನೆ ತಿರುಗಿತು. ತಾನಾಜಿ ನಕ್ಕ. ಶಿವು ಸೊಂಟದವರೆಗೆ ನೀರಿಗಿಳಿದು ಬಂದು ದೋಣಿ ಹತ್ತಿದ, ಈಜು ಬಾರದವನು. ಎರಡೂ ಕೈಯಿಂದ ಅಂಚು ಗಟ್ಟಿಯಾಗಿ ಹಿಡಿದು, ಆ ಹಲಗೆಯ ಮೇಲೆ ಕುಳಿತು, ನನ್ನ ಹೆಗಲ ಮೇಲಿಂದ ಮುಂದೆ ನೋಡಿದ.

"ನಡೀರಿ ವೈನಿ, ನಾ ಹೇಳ್ತೀನಿ. ಜರಾ ಎಡಕ್ಕ. ಮುಂದ ಜಾಲಿ ಬೊಡ್ಡಿ ಅದ."

ಎಡ ಯಾವುದು, ಯಾರ ಎಡ ಎಂದು ಸ್ವಲ್ಪ ಜಗಳವಾಯಿತು. ಆಮೇಲೆ ಸಾಗಿತು. ಆಚೆ ದಂಡೆ ಮುಟ್ಟುವವರೆಗೆ ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ. ಶಿವು ಹೇಳಿದ ಕಡೆಗೆ ಹುಟ್ಟು ಹಾಕಿದೆ.